ಹಬ್ಬವಿಲ್ಲದ ವರ್ಷದ ಎಣ್ಣೆ

ಆ ಸದ್ದು ಮೊದಲು ಕೇಳಿದ್ದು ಮಳೆಗಾಲದ ಒಂದು ಬೆಳಿಗ್ಗೆ. ಕೀ ತಿರುಗಿಸಿದ ಕೂಡಲೇ ಬಾನೆಟ್ಟಿನ ಒಳಗಿಂದ ಗಡಗಡ ಅಂತ ಶುರುವಾಯಿತು. ತಗಡಿನ ಡಬ್ಬದಲ್ಲಿ ಮೊಳೆ ಹಾಕಿ ಯಾರೋ ಅಲ್ಲಾಡಿಸಿದ ಹಾಗಿತ್ತು. ನಾನು ಗೇರ್ ಹಾಕುವಷ್ಟರಲ್ಲಿ ನಿಂತೂ ಹೋಯಿತು. ಪಕ್ಕದ ಸೀಟಿನಲ್ಲಿದ್ದ ಮಾವನ ಮುಖ ನೋಡಿದೆ. ಅವರು ಎದುರು ಮನೆಯ ದಾಸವಾಳದ ಗಿಡವನ್ನು ಜನ್ಮದಲ್ಲಿ ಕಂಡೇ ಇಲ್ಲವೇನೋ ಎಂಬಂತೆ ನೋಡುತ್ತಿದ್ದರು. ಏನು ಮಾವ ಅದು ಸದ್ದು ಅಂದರೆ, ಈ ಚಳಿಗೆ ಇಂಜಿನ್ನಿಗೂ ಮೈಕೈ ನೋವು ಕಣಮ್ಮ, ನಡಿ ಅಂದರು.

ಮಾವ ಅಂದರೆ ನನ್ನ ಗಂಡನ ತಂದೆ. ಕಾಮಾಕ್ಷಿಪಾಳ್ಯದ ಒಂದು ಸಂದಿಯಲ್ಲಿ ಲೇತ್ ಮೆಷಿನ್ ಮುಂದೆ ನಿಂತೇ ಆಯುಷ್ಯ ಕಳೆದವರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮಂಗಳವಾರ, ಗುರುವಾರ, ಶನಿವಾರ ಅವರಿಗೆ ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಉಲ್ಲಾಳದ ನಮ್ಮ ಮನೆಯಿಂದ ಹೊರಟು, ಮಾಗಡಿ ರೋಡ್ ಹಿಡಿದು, ಸುಂಕದಕಟ್ಟೆಯ ಜಂಗುಳಿ ದಾಟಿ, ಅವರ ಹಳೇ ಕಾಮಾಕ್ಷಿಪಾಳ್ಯವನ್ನೂ ಹಾದು ಹೋಗಬೇಕು. ನನ್ನ ಗಂಡನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ ಹತ್ತಿ ಹೋದರೆ ಫೋನು ಕೂಡ ಲಾಕರಿನಲ್ಲಿ. ಹಾಗಾಗಿ, ಮನೆಯಲ್ಲಿ ಬ್ಲೌಸ್ ಹೊಲಿದುಕೊಂಡಿದ್ದ ನಾನು ಡ್ರೈವರ್ ಆದೆ. ಕಲಿಸಿದ್ದೂ ಮಾವನೇ. ಹೊಲಿಗೆ ಮೆಷಿನ್ ತುಳಿದ ಹಾಗೆ ಕ್ಲಚ್ ತುಳೀಬೇಡ ಅಂತ ಅವರು ಬೈದದ್ದಕ್ಕೆ ನಾನು ನಡುರಸ್ತೆಯಲ್ಲಿ ಇಳಿದು ಮನೆಗೆ ನಡೆದುಕೊಂಡು ಬಂದದ್ದೂ ಉಂಟು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರದು ಮೂಗಿನಿಂದ ಇನ್ನೂ ಸ್ವಲ್ಪ ಮುಂದೆ.

ಆಟೋದಲ್ಲಿ ಹೋಗಬಾರದಿತ್ತೇ ಅಂತ ಕೇಳುವವರಿದ್ದಾರೆ. ಶುರುವಿನಲ್ಲಿ ಆಟೋದಲ್ಲೇ ಹೋಗುತ್ತಿದ್ದೆವು. ಒಂದು ಸಲ ವಾಪಸು ಬರುವಾಗ ಆಟೋ ಗುಂಡಿಗೆ ಇಳಿದು ಎದ್ದ ಹೊಡೆತಕ್ಕೆ, ಸೂಜಿ ತೆಗೆದು ಪಟ್ಟಿ ಕಟ್ಟಿದ್ದ ಜಾಗದಿಂದ ರಕ್ತ ಮತ್ತೆ ಚಿಮ್ಮಿತು. ನನ್ನ ಸೆರಗು, ಸೀಟು, ಮಾವನ ಪಂಚೆ ಎಲ್ಲ ಕೆಂಪು. ಹೆಬ್ಬೆರಳಲ್ಲಿ ಅವರ ತೋಳನ್ನು ಒತ್ತಿಕೊಂಡು ಮತ್ತೆ ಆಸ್ಪತ್ರೆಗೆ ಓಡಿದೆವು. ಅವತ್ತಿಂದ ಮಾವನಿಗೆ ಆಟೋ ಕಂಡರೆ ಆಗುತ್ತಿರಲಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಬಿಪಿ ಇಳಿದು, ಕಾಲು ಸೆಳೆತ ಬಂದು, ಹಿಂದಿನ ಸೀಟಿನಲ್ಲಿ ಮಲಗಿಯೇ ಬರಬೇಕು. ಆ ಕಾರೇ ಅವರಿಗೆ ಕೈಕಾಲು. ಅದು ನಿಂತರೆ ತಾನೂ ನಿಂತ ಹಾಗೆ ಎಂಬ ಭಯ ಅವರಿಗೆ ಒಳಗೊಳಗೇ ಇತ್ತು.

ಆ ಕಾರಿನ ವಿಷಯದಲ್ಲಿ ನಮ್ಮ ಮನೆಯದು ಒಂದು ಕಟ್ಟಳೆ. ಇಂಜಿನ್ ಆಯಿಲ್ ಬದಲಾಯಿಸುವುದು ವರ್ಷಕ್ಕೆ ಒಂದೇ ಸಲ, ಆಯುಧಪೂಜೆಯ ಹಿಂದಿನ ದಿನ. ಮಾವ ಲೇತ್ ಅಂಗಡಿಯಿಂದ ಕಲಿತು ಬಂದ ಪದ್ಧತಿ ಅದು. ಅಲ್ಲಿ ಹಬ್ಬದ ಹಿಂದಿನ ದಿನ ಮೆಷಿನ್ನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಹೊಸ ಎಣ್ಣೆ ತುಂಬಿ, ಮಾರನೇ ದಿನ ಅರಿಶಿನ ಕುಂಕುಮ, ಬೂದುಗುಂಬಳಕಾಯಿ. ಕಾರಿಗೂ ಅದೇ ಮರ್ಯಾದೆ. ಅತ್ತೆ ಹಳೇ ಕಾಟನ್ ಸೀರೆ ಹರಿದು ಒರೆಸುವ ಬಟ್ಟೆ ಮಾಡಿಕೊಟ್ಟು, ಅಡುಗೆಮನೆ ಬಾಗಿಲಲ್ಲಿ ನಿಂತು, ಎಣ್ಣೆ ಬದಲಾಯ್ಸಿದ್ರಾ, ಹಳೇ ಎಣ್ಣೆ ಗಾಡಿಗೆ ನಾನು ಕುಂಕುಮ ಇಡಲ್ಲ ಅನ್ನುತ್ತಿದ್ದರು. ಕಾರಿನಡಿಯಿಂದ ಮಾವನ ಉತ್ತರ ಪ್ರತಿ ವರ್ಷವೂ ಒಂದೇ. "ಬದಲಾಯ್ಸಿದೀನಿ ಮಹಾರಾಯ್ತಿ, ಈಗ್ಲಾದ್ರೂ ಕಾಫಿ ಕೊಡು." ಕಾರು ದೇವಸ್ಥಾನಕ್ಕೆ, ಮದುವೆಗೆ, ಅಪರೂಪಕ್ಕೆ ಕೆಂಗೇರಿಯ ನಾದಿನಿ ಮನೆಗೆ ಹೋಗಿ ಬರುತ್ತಿದ್ದ ಕಾಲಕ್ಕೆ ಆ ಲೆಕ್ಕ ಸರಿಯಾಗಿಯೇ ಇತ್ತು. ಅತ್ತೆ ಹೋದದ್ದು ಹಿಂದಿನ ವರ್ಷದ ಶ್ರಾವಣದಲ್ಲಿ. ಅವರ ಕಾರ್ಯ ಮುಗಿದು ಕೆಲವೇ ತಿಂಗಳಿಗೆ ಮಾವನ ಕಿಡ್ನಿಯ ಕತೆ ಶುರುವಾಯಿತು.

ಸದ್ದು ನಿಲ್ಲಲಿಲ್ಲ. ಗೇರ್ ಹಾಕುವಷ್ಟರಲ್ಲಿ ಮಾಯವಾಗುತ್ತಿದ್ದದ್ದು ಗೇಟು ದಾಟುವವರೆಗೆ ಬಂತು, ಆಮೇಲೆ ಬೀದಿಯ ತುದಿಯವರೆಗೆ. ಮೂಲೆಮನೆ ಆಂಟಿ ಹಾಲಿನ ಪಾಕೆಟ್ ಹಿಡಿದು ನಿಂತು, ಏನಮ್ಮ ನಿಮ್ಮ ಕಾರು ಮಿಕ್ಸಿ ಥರ ಆಡ್ತಾ ಇದೆ ಅಂದರು. ರಾತ್ರಿ ಗಂಡನಿಗೆ ಹೇಳಿದೆ. ಅವನು ಅಪ್ಪನನ್ನು ಕೇಳಿದ. ಹಳೇ ಗಾಡಿ, ಆಯುಧಪೂಜೆಗೆ ಎಣ್ಣೆ ಬದಲಾಯಿಸಿದರೆ ಸರಿಹೋಗುತ್ತದೆ ಅಂದರು ಮಾವ. ಮೆಷಿನ್ನುಗಳ ವಿಷಯದಲ್ಲಿ ಅಪ್ಪ ಹೇಳಿದ ಮೇಲೆ ಅವನ ಬಾಯಿಗೆ ಬೀಗ. ಗ್ಯಾರೇಜಿಗೆ ಬಿಡೋಣ ಅಂತ ನಾನು ಎಷ್ಟು ಸಲ ಬಾಯಿ ಬಡಿದುಕೊಂಡರೂ ಮಾವ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಬಿಚ್ಚಿದರೆ ವಾರಗಟ್ಟಲೆ ಮಲಗುತ್ತದೆ, ಅಷ್ಟು ದಿನ ನಾನು ಹೇಗೆ ಹೋಗಲಿ ಅಂದರು.

ಹಾಗೆ ಡಯಾಲಿಸಿಸ್ ದಿನ ಬಂತೆಂದರೆ ನಾನು ಕೀ ತಿರುಗಿಸುವ ಮೊದಲು ಉಸಿರು ಬಿಗಿ ಹಿಡಿಯುತ್ತಿದ್ದೆ. ಮಾವ ಎಫ್ಎಂ ಹಾಕು ಅನ್ನುತ್ತಿದ್ದರು. ಹಾಡಿನ ಮೇಲೆ ಆಸೆಯೇನಲ್ಲ, ಸದ್ದು ಮುಚ್ಚಲಿ ಅಂತ. ನಾನು ಬೇಕೆಂದೇ ಹಾಕುತ್ತಿರಲಿಲ್ಲ. ಇಬ್ಬರೂ ಇಂಜಿನ್ ಕೇಳುತ್ತಾ ಹೋಗುತ್ತಿದ್ದೆವು.

ಆಷಾಢದ ಒಂದು ಮಂಗಳವಾರ. ಶನಿವಾರದಿಂದ ಮಂಗಳವಾರದವರೆಗಿನ ಗ್ಯಾಪು ಡಯಾಲಿಸಿಸ್‌ನವರಿಗೆ ಯಾವಾಗಲೂ ಕಷ್ಟದ್ದು. ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ. ಭಾನುವಾರ ನಾದಿನಿ ಬಂದಿದ್ದಳು. ಅಪ್ಪನಿಗೆ ಇಷ್ಟ ಅಂತ ಉಪ್ಪಿನಕಾಯಿ ತಂದಿದ್ದಳು. ನಾನು ಟೆರೇಸಿನಲ್ಲಿ ಬಟ್ಟೆ ತೆಗೆಯುವಾಗ ಮಾವ ಅದನ್ನು ತಿಂದು, ಬಾಯಾರಿಕೆಗೆ ಚೊಂಬುಗಟ್ಟಲೆ ನೀರು ಕುಡಿದಿದ್ದರು. ಮಂಗಳವಾರ ಬೆಳಿಗ್ಗೆ ನೋಡಿದರೆ ಮುಖ ಊದಿತ್ತು, ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದಿದ್ದರಂತೆ. ನಮ್ಮನ್ನು ಎಬ್ಬಿಸಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಅವರನ್ನು ಕಾರಿನಲ್ಲಿ ಕೂರಿಸಿದೆ.

ಕೀ ತಿರುಗಿಸಿದೆ. ಗಡಗಡ ಶುರುವಾಯಿತು. ಬೀದಿಯ ತುದಿ ಬಂತು, ನಿಲ್ಲಲಿಲ್ಲ. ಮೇನ್ ರೋಡ್ ಬಂತು, ಆಗಲೂ ನಿಲ್ಲಲಿಲ್ಲ. ಮಾಗಡಿ ರೋಡಿಗೆ ತಿರುಗುವಾಗ ಕಾರು ಬಿಕ್ಕಳಿಸಿದ ಹಾಗೆ ಒಂದು ಸಲ ನಡುಗಿತು. ಎಕ್ಸಿಲರೇಟರ್ ಒತ್ತಿದರೆ ಸದ್ದು ಇನ್ನೂ ಜೋರಾಗುತ್ತಿತ್ತು, ಬಿಟ್ಟರೆ ಬಂಡಿ ಎಳೆಯುತ್ತಿರಲಿಲ್ಲ. ಪಕ್ಕದಲ್ಲಿ ಮಾವನ ಉಸಿರು ಸುಯ್‌ಸುಯ್ ಅನ್ನುತ್ತಿತ್ತು. ಕಿಟಕಿ ಇಳಿಸಿ ಗಾಳಿಗೆ ಮುಖ ಒಡ್ಡಿಕೊಂಡಿದ್ದರು. ಒಂದು ಕಿವಿ ಇಂಜಿನ್ ಕಡೆ, ಒಂದು ಕಿವಿ ಅವರ ಎದೆಯ ಕಡೆ ಇಟ್ಟುಕೊಂಡು ನಾನು ಗಾಡಿ ಓಡಿಸುತ್ತಿದ್ದೆ. ಎರಡರಲ್ಲಿ ಯಾವುದು ಮೊದಲು ನಿಲ್ಲುತ್ತದೋ ಎಂಬ ಕೆಟ್ಟ ಯೋಚನೆ ಬಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸುಂಕದಕಟ್ಟೆ ಸಿಗ್ನಲ್ಲಿನಲ್ಲಿ ನಿಂತಾಗ ಮೀಟರ್ ಪಕ್ಕ ಒಂದು ಕೆಂಪು ದೀಪ ಮಿಣುಕ್ ಅಂದು ಆರಿತು. ಎಣ್ಣೆ ಜಿನುಗುವ ಗಿಂಡಿಯ ಚಿತ್ರ ಅದು. ಹಸಿರು ಬಿದ್ದು ಗಾಡಿ ಮುಂದೆ ಹೋದರೆ ದೀಪ ಇಲ್ಲ. ಮುಂದೆ ಬಸ್ಸಿನ ಹಿಂದೆ ನಿಧಾನ ಮಾಡಿದೆ, ಮತ್ತೆ ಬಂತು. ಮಾವನೂ ನೋಡಿದರು. ದಾಸವಾಳದ ಗಿಡ ನೋಡುವ ನಾಟಕ ಈಗ ಇರಲಿಲ್ಲ.

"ಚೈನ್ ಕಣಮ್ಮ ಅದು," ಅಂದರು. "ಟೈಮಿಂಗ್ ಚೈನ್. ಮೊದ್ಲಿಂದ್ಲೂ ಗೊತ್ತಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ದರೆ ನೀನು ಗಾಡಿ ತೆಗೆಯುತ್ತಿರಲಿಲ್ಲ ಅಂದರು. ಉಸಿರು ಸಿಕ್ಕಷ್ಟು ಮಾತಾಡುತ್ತಾ, ನಿಂತು, ಮತ್ತೆ ಮಾತಾಡುತ್ತಾ ವಿವರಿಸಿದರು. ಇಂಜಿನ್ನಿನ ಕೆಳಗೆ ತಿರುಗುವುದಕ್ಕೂ ಮೇಲೆ ತಿರುಗುವುದಕ್ಕೂ ನಡುವೆ ಒಂದು ಚೈನ್ ಇದೆ. ಎರಡೂ ಒಂದೇ ತಾಳಕ್ಕೆ ತಿರುಗಬೇಕು. ಆ ಚೈನನ್ನು ಬಿಗಿಯಾಗಿ ಹಿಡಿಯುವುದು ಎಣ್ಣೆಯ ಒತ್ತಡ. ಅದು ಸಡಿಲವಾದರೆ ಚೈನ್ ಗೋಡೆಗೆ ಬಡಿಯುತ್ತದೆ, ಈಗ ಕೇಳುತ್ತಿರುವುದು ಅದೇ. ಚೈನ್ ಕೂರುವ ಚಕ್ರದಲ್ಲಿ ಒಂದು ಹಲ್ಲು ಜಾರಿದರೂ ಒಳಗೆ ಒಂದಕ್ಕೊಂದು ಗುದ್ದಿಕೊಂಡು ಇಂಜಿನ್ ಪುಡಿ. ಇಷ್ಟು ಹೇಳಿ, ಇನ್ನೇನು ಬಂತು, ಹೋಗ್ತಾ ಇರು, ನಿಲ್ಲಿಸಬೇಡ ಅಂದರು.

ಕಾಮಾಕ್ಷಿಪಾಳ್ಯ ಬಂದಿತ್ತು. ಗಾರ್ಮೆಂಟ್ಸ್ ಹೆಂಗಸರು ಟಿಫಿನ್ ಬ್ಯಾಗ್ ಹಿಡಿದು ಸಾಲಾಗಿ ರಸ್ತೆ ದಾಟುತ್ತಿದ್ದರು. ಅವರಿಗಾಗಿ ಬ್ರೇಕ್ ಹಾಕಿದೆ. ಕೆಂಪು ದೀಪ ಹತ್ತಿಕೊಂಡಿತು, ಈ ಸಲ ಆರಲಿಲ್ಲ. ಗಡಗಡ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತು. ಮಾವ ನಿಲ್ಲಿಸಬೇಡ ಅಂತ ಇನ್ನೊಮ್ಮೆ ಅಂದರು. ಹಿಂದಿನಿಂದ ಹಾರ್ನ್ ಹೊಡೆದರು. ನಾನು ಪಕ್ಕಕ್ಕೆ ತೆಗೆದುಕೊಂಡು, ಒಂದು ಮುಚ್ಚಿದ ಅಂಗಡಿಯ ಮುಂದೆ ಕೀ ಆಫ್ ಮಾಡಿದೆ. ಮುಂದಿನ ಫ್ಲೈಓವರ್ ಮೇಲೆ, ಇಳಿಯಲು ಜಾಗವಿಲ್ಲದ ಕಡೆ, ಉಸಿರು ಕಟ್ಟುತ್ತಿರುವ ಮನುಷ್ಯನೊಂದಿಗೆ ನಿಂತುಹೋಗುವುದು ನನ್ನಿಂದ ಆಗುತ್ತಿರಲಿಲ್ಲ.

ನಾನು ಆಟೋಗೆ ಕೈ ಅಡ್ಡ ಹಾಕಲು ಓಡಿದೆ. ಆಫೀಸಿನ ಹೊತ್ತು, ಎಲ್ಲವೂ ತುಂಬಿದ್ದವು. ತಿರುಗಿ ನೋಡುತ್ತೇನೆ, ಮಾವ ಇಳಿದು, ಕಾರನ್ನು ತಬ್ಬಿಕೊಂಡೇ ಮುಂದೆ ಬಂದು, ಬಾನೆಟ್ ಎತ್ತಿದ್ದಾರೆ. ಕೂತ್ಕೊಳ್ಳಿ ಮಾವ ಅಂತ ಕಿರುಚಿದೆ. ಅವರು ಎಣ್ಣೆ ಅಳತೆಯ ಕಡ್ಡಿ ಎಳೆದು, ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದರು. ತುದಿಯಲ್ಲಿ ಮಾತ್ರ ಡಾಂಬರಿನ ಹಾಗೆ ಏನೋ ಅಂಟಿತ್ತು. ಬೆರಳ ನಡುವೆ ತಿಕ್ಕಿ ನೋಡಿದರು.

ಆಯುಧಪೂಜೆಗೆ ಹಾಕಿದ್ದು, ಹೀಗೆ ಆಗಬಾರದಲ್ಲ ಅಂದರು, ತಮಗೇ ಹೇಳಿಕೊಳ್ಳುವ ಹಾಗೆ.

ನಾನೂ ಹೌದು ಅನ್ನುವವಳಿದ್ದೆ. ಆಯುಧಪೂಜೆಗೆ ಬದಲಾಯಿಸಿದ್ದು ಎಂಬುದು ನನ್ನ ತಲೆಯಲ್ಲೂ ಕಲ್ಲಿನ ಮೇಲೆ ಕೆತ್ತಿದ ಹಾಗೆ ಇತ್ತು. ಆ ದಿನವನ್ನು ನೆನಪು ಮಾಡಿಕೊಳ್ಳಲು ಹೋದೆ. ಚೆಂಡುಹೂವಿನ ಹಾರ, ಚಕ್ರದ ಕೆಳಗಿನ ನಿಂಬೆಹಣ್ಣು, ಕುಂಬಳಕಾಯಿ ಒಡೆದ ಕುಂಕುಮದ ಕಲೆ. ಎಲ್ಲದರಲ್ಲೂ ಅತ್ತೆ ಇದ್ದರು.

"ಯಾವ ಆಯುಧಪೂಜೆ ಮಾವ? ಹೋದ ವರ್ಷ ನಮ್ಮನೇಲಿ ಹಬ್ಬಾನೇ ಇರ್ಲಿಲ್ಲ."

ಸತ್ತವರ ವರ್ಷ ತುಂಬುವವರೆಗೆ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಆ ಸಲ ಊರೆಲ್ಲ ಗಾಡಿಗಳಿಗೆ ಹಾರ ಹಾಕಿಕೊಂಡು ಓಡಾಡುವಾಗ ನಮ್ಮ ಕಾರು ಧೂಳು ಹೊದ್ದು ನಿಂತಿತ್ತು. ನನ್ನ ಹೊಲಿಗೆ ಮೆಷಿನ್ನಿಗೂ ಕುಂಕುಮ ಇಟ್ಟಿರಲಿಲ್ಲ. ಹಬ್ಬ ಬಿಟ್ಟೆವು, ಅದರ ಜೊತೆಗೆ ಎಣ್ಣೆಯೂ ಬಿಟ್ಟುಹೋಯಿತು. ಆಮೇಲೆ ಅದೇ ಎಣ್ಣೆಯಲ್ಲಿ ವಾರಕ್ಕೆ ಮೂರು ಸಲ ರಾಜಾಜಿನಗರಕ್ಕೆ ಹೋಗಿ ಬಂದೆವು. ಮರೆತೆವು ಅನ್ನುವುದೂ ಸರಿಯಲ್ಲ. ಅತ್ತೆಗಾಗಿ ಎಲ್ಲವನ್ನೂ ಕ್ರಮವಾಗಿ ಮಾಡಿದ್ದೇವೆ ಎಂದೇ ನಾವು ತಿಳಿದಿದ್ದೆವು.

ಮಾವ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ತುಟಿ ನೀಲಿಯಾಗಿತ್ತು.

"ಅವಳು ಕೇಳ್ಲೇ ಇಲ್ವಲ್ಲಮ್ಮ," ಅಂದರು.

ಅಷ್ಟು ಹೇಳಿ ಕುಸಿದರು. ನಾನು ಅವರನ್ನು ಹಿಡಿದುಕೊಂಡು ರಸ್ತೆ ಕಡೆ ಅಣ್ಣಾ ಅಂತ ಕೂಗಿದೆ, ಯಾರನ್ನು ಅಂತ ನನಗೇ ಗೊತ್ತಿರಲಿಲ್ಲ. ಗಾರ್ಮೆಂಟ್ಸಿಗೆ ಹೊರಟಿದ್ದ ಇಬ್ಬರು ಹೆಂಗಸರು ಬ್ಯಾಗ್ ನೆಲಕ್ಕೆ ಹಾಕಿ ಬಂದು ಇನ್ನೊಂದು ತೋಳು ಹಿಡಿದರು. ಅವರಲ್ಲೊಬ್ಬಳು, ಮಾತಿನ ಧಾಟಿ ನೋಡಿದರೆ ಬಿಜಾಪುರದ ಕಡೆಯವಳು, ನಡುರಸ್ತೆಗೆ ಹೋಗಿ ನಿಂತು ಒಂದು ತುಂಬಿದ ಆಟೋವನ್ನೇ ತಡೆದಳು. ಒಳಗಿದ್ದವರು ಮಾವನ ಮುಖ ನೋಡಿ ತಾವಾಗಿಯೇ ಇಳಿದರು. ಯಾವ ಆಟೋಗೆ ಮಾವ ಹೆದರುತ್ತಿದ್ದರೋ ಆ ಆಟೋದಲ್ಲೇ ನನ್ನ ಭುಜಕ್ಕೆ ಒರಗಿ ಕೂತರು. ದಾರಿಯುದ್ದಕ್ಕೂ ನಾನು ಅವರ ಉಸಿರನ್ನೇ ಕೇಳುತ್ತಿದ್ದೆ. ಅದು ನಿಂತು ನಿಂತು ಬರುತ್ತಿತ್ತು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಮ್ಮ ಪಾಳಿಯ ಮೆಷಿನ್ನಿಗೆ ಬೇರೆಯವರನ್ನು ಹತ್ತಿಸಿದ್ದರು. ಸಿಸ್ಟರ್ ಲೇಟಾಯಿತಲ್ಲ ಅಂತ ಶುರು ಮಾಡಿದವರು ಮಾವನ ತುಟಿ ನೋಡಿ ಸ್ಟ್ರೆಚರ್ ತರಲು ಕೂಗಿದರು. ಆಕ್ಸಿಜನ್ ಹಾಕಿ, ತುರ್ತಿಗೆ ಇಟ್ಟುಕೊಂಡಿದ್ದ ಮೆಷಿನ್ ಕಡೆ ಸ್ಟ್ರೆಚರ್ ತಳ್ಳಿಕೊಂಡು ಓಡಿದರು. ಬಾಗಿಲು ಮುಚ್ಚುವ ಮುಂಚೆ ಮಾವ ಮಾಸ್ಕ್ ಸರಿಸಿ ಏನೋ ಹೇಳಲು ನೋಡಿದರು. ಕೊನೆಯ ಮಾತೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಬಾಗಿ ಕಿವಿ ಕೊಟ್ಟೆ. ಬಾನೆಟ್ ಹಾಕಿದ್ಯಾ ಅಂತ ಕೇಳಿದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ತೀರಿಹೋದ ಅತ್ತೆಯನ್ನು ಬಿಟ್ಟು ಬೇರೆ ಯಾವ ದೇವರಿಗೂ ಕೈ ಮುಗಿಯಲಿಲ್ಲ. ಇವತ್ತು ಮಾವನನ್ನು ಕರೆದುಕೊಳ್ಳಬೇಡಿ ಅಂತ ಬೇಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಹೊರಗೆ ಬಂದು, ನೀರು ಇಳಿದಿದೆ, ಉಸಿರು ಪರವಾಗಿಲ್ಲ ಅಂದರು. ನಾನು ಆಗ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ, ಎಲ್ಲರ ಮುಂದೆ.

ಕಾರನ್ನು ಎಳೆಸಿಕೊಂಡು ಹೋಗಿ ಅದೇ ಕಾಮಾಕ್ಷಿಪಾಳ್ಯದ ಒಂದು ಗ್ಯಾರೇಜಿಗೆ ಹಾಕಿದೆವು. ಬಿಚ್ಚಿದರೆ ಚೈನ್ ಜೋತು ಬಿದ್ದಿತ್ತು, ಅದನ್ನು ಬಿಗಿ ಹಿಡಿಯುವ ಭಾಗ ಸವೆದುಹೋಗಿತ್ತು, ಎಣ್ಣೆ ಹೋಗುವ ದಾರಿಗಳಲ್ಲೆಲ್ಲ ಕಪ್ಪು ಗಸಿ ಕೂತಿತ್ತು. ಹಲ್ಲು ಮಾತ್ರ ಜಾರಿರಲಿಲ್ಲ. ಅಲ್ಲೇ ನಿಲ್ಲಿಸಿದ್ದಕ್ಕೆ ಇಂಜಿನ್ ಉಳಿಯಿತು ಅಂದರು ಮೆಕ್ಯಾನಿಕ್. ಮಾವ ಸ್ಟೂಲಿನ ಮೇಲೆ ಕೂತು ಹಳೇ ಚೈನನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ ಕೆಳಗಿಟ್ಟರು. ನೀನು ನನ್ನ ಮಾತು ಕೇಳದೇ ಇದ್ದದ್ದು ಒಳ್ಳೇದಾಯ್ತು ಅಂದರು. ಅವರ ಬಾಯಿಂದ ಇಂಥ ಮಾತು ಹೊರಡುವುದು ಅಪರೂಪ, ನಾನು ಮೆಕ್ಯಾನಿಕ್ಕನ್ನೂ ಸಾಕ್ಷಿ ಇಟ್ಟುಕೊಂಡೆ. ಕಾರು ಬರುವವರೆಗೆ ನಮ್ಮ ಬೀದಿಯ ಆಟೋದವರೊಬ್ಬರು ಮೊಟ್ಟೆ ಸಾಗಿಸುವ ಹಾಗೆ ನಿಧಾನಕ್ಕೆ ಕರೆದುಕೊಂಡು ಹೋಗಿ ಬಂದರು. ಬರುವಾಗಲೆಲ್ಲ ಮಾವ ತೋಳಿನ ಪಟ್ಟಿಯ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡೇ ಕೂತಿರುತ್ತಿದ್ದರು. ನಾನೂ ಆ ಕೈ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ.

ಹೊಸ ಎಣ್ಣೆಯಲ್ಲಿ ಸ್ವಲ್ಪ ದಿನ ಓಡಿಸಿ ಬೇಗನೆ ಒಮ್ಮೆ ಬದಲಾಯಿಸಿ, ಒಳಗಿನ ಗಸಿ ತೊಳೆದು ಹೋಗಲಿ ಅಂತ ಮೆಕ್ಯಾನಿಕ್ ಹೇಳಿದ್ದರು. ಆ ಹೊತ್ತು ಬಂದದ್ದು ಸರಿಯಾಗಿ ಪಿತೃಪಕ್ಷದಲ್ಲಿ. ಮೂಲೆಮನೆ ಆಂಟಿ, ಈ ಹದಿನೈದು ದಿನ ಯಾವ ಕೆಲಸಕ್ಕೂ ಕೈ ಹಾಕಬಾರದು, ಇನ್ನೇನು ಆಯುಧಪೂಜೆ ಬಂತಲ್ಲ ಅಂದರು. ನಾನು ಮಾವನ ಮುಖ ನೋಡಿದೆ. ಮತ್ತೆ ಆಯುಧಪೂಜೆ ಅಂದುಬಿಟ್ಟರೆ ಏನು ಮಾಡುವುದು ಅಂತ ನನಗೆ ಹೆದರಿಕೆ. ಅವರು ಎದ್ದು ಒಳಗೆ ಹೋದರು.

ಭಾನುವಾರ ಅತ್ತೆಗೆ ಎಡೆ ಇಟ್ಟೆವು. ಅವರಿಗೆ ಇಷ್ಟದ ಕಜ್ಜಾಯ, ಪುಳಿಯೋಗರೆ, ಮೇಲೊಂದು ಹೊಸ ಸೀರೆ. ಊಟವಾದ ಮೇಲೆ ಪಾತ್ರೆ ತೊಳೆದು ತಿರುಗಿದರೆ ಅಂಗಳದಲ್ಲಿ ಸದ್ದು. ನನ್ನ ಗಂಡ ಕಾರಿನಡಿ ಮಲಗಿದ್ದಾನೆ, ಹಳೇ ಎಣ್ಣೆ ಬಾಣಲಿಗೆ ಸುರಿಯುತ್ತಿದೆ. ಮಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವನಿಗೆ ಒಂದೇ ಸಮ ಬೈಯುತ್ತಿದ್ದಾರೆ. ಅವರ ಮಡಿಲಲ್ಲಿ ಅತ್ತೆಯ ಹಳೇ ಕಾಟನ್ ಸೀರೆಯ ತುಂಡು. ಹೊಸ ಎಣ್ಣೆ ಹಾಕಿದ ಮೇಲೆ ತಾವೇ ಎದ್ದು, ಬಾನೆಟ್ ಹಿಡಿದುಕೊಂಡು, ಕಡ್ಡಿ ಎಳೆದು ಆ ತುಂಡಿನಲ್ಲಿ ಒರೆಸಿದರು. ಮತ್ತೆ ಅದ್ದಿ ತೆಗೆದು ಬಿಸಿಲಿಗೆ ಹಿಡಿದರು.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡೆ. ಆಮೇಲೆ ಕೇಳಿಯೇಬಿಟ್ಟೆ.

"ಎಣ್ಣೆ ಬದಲಾಯ್ಸಿದ್ರಾ ಮಾವ?"

ಅವರು ಕಡ್ಡಿಯನ್ನು ಅದರ ಜಾಗಕ್ಕೆ ಸೇರಿಸಿದರು.

"ಬದಲಾಯ್ಸಿದೀನಿ ಮಹಾರಾಯ್ತಿ," ಅಂದರು ಮಾವ, "ಈಗ್ಲಾದ್ರೂ ಕಾಫಿ ಕೊಡು."

ಡಾಕ್ಟರು ಅವರ ಒಂದು ದಿನದ ನೀರನ್ನು ಅಳೆದು ಕೊಟ್ಟಿದ್ದಾರೆ, ಅವತ್ತಿನದು ಆಗಲೇ ಮುಗಿಯುತ್ತಾ ಬಂದಿತ್ತು. ನಾನು ಒಳಗೆ ಹೋಗಿ ಅತ್ತೆಯ ಪುಟ್ಟ ಲೋಟ ತೆಗೆದು, ಅದರಲ್ಲಿ ಅರ್ಧ ಕಾಫಿ ಹಾಕಿ ತಂದುಕೊಟ್ಟೆ.